ಕಡವೆಗೆ ಯಾವ ಮೊನೆ

ಅವರ ಎಡ ಮುಂಗೈಯಲ್ಲಿ ಕೂದಲೇ ಇರುತ್ತಿರಲಿಲ್ಲ. ಬಲಗೈ ಎಲ್ಲ ಗಂಡಸರ ಕೈಯ ಹಾಗೇ ಇತ್ತು. ಎಡಗೈ ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೋಳು. ಕಾಲೇಜಿಗೆ ಹೊಸದಾಗಿ ಬಂದ ಉಪನ್ಯಾಸಕರೆಲ್ಲ ಒಂದಲ್ಲ ಒಂದು ದಿನ ನನ್ನ ಹತ್ತಿರ ಬಂದು, ಅದೇನು ಚರ್ಮರೋಗವೇ ಎಂದು ಮೆಲ್ಲಗೆ ಕೇಳುತ್ತಿದ್ದರು. ಪ್ರಾಣಿಶಾಸ್ತ್ರದವಳಿಗೆ ಗೊತ್ತಿರಬೇಕಲ್ಲ! ರೋಗವೂ ಇಲ್ಲ, ಮಣ್ಣೂ ಇಲ್ಲ. ಕತ್ತಿ, ಕತ್ತರಿ, ಬ್ಲೇಡು, ಏನನ್ನು ಮಸೆದರೂ ಅವರು ಕೊನೆಗೆ ಅದನ್ನು ಎಡ ಮುಂಗೈಯ ಮೇಲೆ ಒಮ್ಮೆ ಎಳೆದು ನೋಡುತ್ತಿದ್ದರು. ಕೂದಲು ಹಾರಿದರೆ ಮಸೆದದ್ದು ಮುಗಿಯಿತು. ಹಾರದಿದ್ದರೆ ಮತ್ತೆ ಕಲ್ಲಿಗೆ.

ಅಂಕೋಲೆಯ ನಮ್ಮ ಜೂನಿಯರ್ ಕಾಲೇಜಿನ ಲ್ಯಾಬಿಗೆ ಅವರು ಅಟೆಂಡರು. ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷಗಳ ಮಾತು ಇದು. ನಾನು ಕಾರವಾರದ ಹಬ್ಬುವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನೌಕಾನೆಲೆಯ ಕೆಲಸದ ಲಾರಿಗಳ ಹಿಂದೆ ತೆವಳುತ್ತ ಬಸ್ಸು ಅವರ್ಸಾ ಮುಟ್ಟಿದಾಗ ಅವರು ಹತ್ತುತ್ತಿದ್ದರು. ಮೂಲ ಊರು ರಾಮನಗುಳಿಯಿಂದ ಒಳಗೆ, ಗಂಗಾವಳಿ ಹೊಳೆಯ ಕಡೆಗೆ. ಅವರ್ಸಾ ಹೆಂಡತಿಯ ಊರು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. "ಕೂತ್ರೆ ನಿದ್ದೆ ಬರ್ತದೆ, ನಿದ್ದೆ ಬಂದ್ರೆ ಕುಮಟೆ ಬರ್ತದೆ" ಎನ್ನುತ್ತಿದ್ದರು; ಕುಮಟೆ ಅಂಕೋಲೆ ದಾಟಿದ ಮೇಲಿನ ಊರು. ಕಂಕುಳಲ್ಲಿ ಊಟದ ಡಬ್ಬಿ, ಅಂಗಿಯ ಜೇಬಿನಲ್ಲಿ ಪೇಪರಿನಲ್ಲಿ ಸುತ್ತಿದ ಸಾಣೆಕಲ್ಲಿನ ತುಂಡು.

ಇಡೀ ಕಾಲೇಜು ಅವರನ್ನು ಏಕವಚನದಲ್ಲಿ ಕರೆಯುತ್ತಿತ್ತು. ನಾನು ಮಾತ್ರ ನೀವು ಎನ್ನುತ್ತಿದ್ದೆ. ಅದಕ್ಕೆ ನನ್ನ ದೊಡ್ಡ ಮನಸ್ಸು ಕಾರಣವೇನಲ್ಲ. ಅವರು ನನಗಿಂತ ಹದಿನೆಂಟು ವರ್ಷ ದೊಡ್ಡವರು, ಮೇಲಾಗಿ ಕೈಯಲ್ಲಿ ಸದಾ ಹರಿತವಾದದ್ದೇನಾದರೂ ಇರುತ್ತಿತ್ತು. ಇಡೀ ಕಾಲೇಜು ನನ್ನನ್ನು ಮೇಡಂ ಎನ್ನುತ್ತಿದ್ದರೆ ಅವರೊಬ್ಬರು ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು. ಎಂ.ಎಸ್ಸಿ. ಮಾಡಿದ್ದು ಅಕ್ಕೋರಾಗಲಿಕ್ಕೆಯೇ ಎಂದು ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು.

ಕಪ್ಪೆ ಕೊಯ್ಯುವ ದಿನ ಲ್ಯಾಬು ಅವರದೇ. ಕ್ಲೋರೋಫಾರ್ಮಿನ ಡಬ್ಬಿಯಿಂದ ಒಂದೊಂದೇ ಕಪ್ಪೆಯನ್ನು ತೆಗೆದು ಕಣ್ಣಿಗೆ ಸೂಜಿಯ ಹಿಂಬದಿ ತಾಗಿಸಿ ನೋಡುತ್ತಿದ್ದರು. ರೆಪ್ಪೆ ಅಲುಗಿದರೆ ಮತ್ತೆ ಡಬ್ಬಿಗೆ. ಒಮ್ಮೆ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರಿಗೆ ಗಡಿಬಿಡಿ. "ಆಯ್ತಪ್ಪಾ, ಕೊಡು ಕೊಡು, ಕೊಯ್ಯುವಾಗ ಸಾಯ್ತದೆ" ಎಂದರು. ಇವರು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತರು.

"ಹಾಂಗೆ ಆಗೂದಿಲ್ಲ ಸರ್. ಸತ್ತದ್ದು ಪೂರಾ ಸತ್ತಿರ್ಬೇಕು. ಅರ್ಧ ಸತ್ತದ್ದರ ಮೇಲೆ ಮಕ್ಕಳ ಕೈ ಹಾಕ್ಸೂಕೆ ನಂಗೆ ಅಡ್ಡಿ ಅದೆ."

ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಪರೀಕ್ಷೆ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು.

ಅವರು ಬೇಟೆಯ ಮನೆಯವರೆಂದು ನನಗೆ ಗೊತ್ತಾದದ್ದು ಜಿಲ್ಲಾ ವಿಜ್ಞಾನ ಪ್ರದರ್ಶನದ ವರ್ಷ. ಪ್ರಾಣಿಗಳ ಹಲ್ಲಿನ ಬಗ್ಗೆ ಒಂದು ಹಲಗೆ ಮಾಡಿಸುತ್ತಿದ್ದೆ: ಬೆಕ್ಕಿನ ತಲೆಬುರುಡೆ, ದನದ ದವಡೆ, ಹುಲಿಯ ಹಲ್ಲಿನ ಚಿತ್ರ. ಯಾವ ಆಹಾರಕ್ಕೆ ಯಾವ ಹಲ್ಲು ಎಂಬುದು ವಿಷಯ. ಅದನ್ನು ಕಟ್ಟುತ್ತಿದ್ದ ಇವರು ಒಂದು ಮೊಳೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಕೇಳಿದರು, "ಮನ್ಷನ ಹಲ್ಲು ಇಲ್ಲಾ, ಅಕ್ಕೋರೆ?"

"ಮನುಷ್ಯನ ಹಲ್ಲಿನಲ್ಲಿ ಏನಿದೆ ತೋರಿಸಲಿಕ್ಕೆ?"

"ಬಾಯಿದಲ್ಲ, ಕೈದು" ಎಂದು ನಕ್ಕರು. ಮಾರನೆಯ ಸೋಮವಾರ ಊರಿನಿಂದ ಐದು ಬಾಣದ ಮೊನೆಗಳನ್ನು ಬಾಳೆನಾರಿನಲ್ಲಿ ಕಟ್ಟಿಕೊಂಡು ತಂದರು.

ಎಲ್ಲ ಅವರ ಅಪ್ಪನ ಕಾಲದ್ದು. ಕಬ್ಬಿಣದವನ್ನು ಕುಲುಮೆಯಲ್ಲಿ ಹೊಡೆದು ಕೊಟ್ಟವನು ಊರಿನ ಆಚಾರಿ, ತಿದ್ದಿ ಹದಕ್ಕೆ ತಂದದ್ದು ಅಪ್ಪ. ಬುಡದಲ್ಲಿ ಪ್ರತಿಯೊಂದಕ್ಕೂ ಮೂರು ಗೀರು, ಮನೆಯ ಗುರುತು. ತಾವು ಚಿಕ್ಕಂದಿನಿಂದ ಬಿಲ್ಲು ಹಿಡಿದವರು; ಬೇಟೆ ನಿಷೇಧದ ಕಾಯಿದೆ ಬಂದ ಮೇಲೆ ಬಿಟ್ಟರು. "ಸರ್ಕಾರ ಬೇಡ ಹೇಳ್ತು, ಬಿಟ್ಟೆ. ಬಿಡೂಕೆ ಕಷ್ಟ ಆತು, ಸುಳ್ಳು ಹೇಳೂದಿಲ್ಲ" ಎಂದರು. ಉಳಿದಿದ್ದ ಈ ಐದೇ ಊರಿನ ಮನೆಯಲ್ಲಿ ತಮ್ಮನ ಹತ್ತಿರ ಜಂತಿಗೆ ಸಿಕ್ಕಿಸಿದ್ದವಂತೆ.

ಆ ದಿನ ಮಧ್ಯಾಹ್ನವಿಡೀ ನನಗೆ ಪಾಠವಾಯಿತು. ಒಂದು, ವೀಳ್ಯದೆಲೆಯ ಹಾಗೆ ಅಗಲ, ತೆಳು, ಕೈಗೆ ಹಗುರ. ಇದು ಜಿಂಕೆಗೆ. ಜಿಂಕೆಯ ಚರ್ಮ ಮೆತ್ತಗೆ, ಎಲುಬು ಸಣ್ಣದು. ಅಗಲವಾಗಿ ಕೊಯ್ದರೆ ರಕ್ತ ಬೇಗ ಹೋಗುತ್ತದೆ, ಪ್ರಾಣಿ ನೂರು ಮಾರು ಹೋಗುವುದರೊಳಗೆ ಬೀಳುತ್ತದೆ. ಇನ್ನೊಂದು, ಗೇಣುದ್ದ, ಸಪೂರ, ನಡುವೆ ದಪ್ಪ ಬೆನ್ನು, ಎರಡು ಕಡೆ ಅಲಗು. ಇದು ಕಡವೆಗೆ. ಕಡವೆ ಎಂದರೆ ಎಮ್ಮೆಯ ಕರುವಿನಷ್ಟು ಮೈ, ಕೊರಳಿಗೆ ಕಂಬಳಿಯಂಥ ಕೂದಲು, ಭುಜದ ಎಲುಬು ಅಂಗೈ ಅಗಲ. "ಅದಕ್ಕೆ ಅಗಲದ್ದು ಹಾಕಿದ್ರೆ ಚರ್ಮದಲ್ಲೇ ಅರ್ಧ ಜೋರು ಹೋತು. ಒಳಗೆ ಹೋಗೂದಿಲ್ಲ, ಹೊರಗೂ ಬರೂದಿಲ್ಲ. ಭಾರ ಬೇಕು, ಉದ್ದ ಬೇಕು" ಎಂದರು. ಮೂರನೆಯದು ಹಂದಿಗೆ, ಗಿಡ್ಡ, ದಪ್ಪ. ನಾಲ್ಕನೆಯದಕ್ಕೆ ಹಿಂದಕ್ಕೆ ತಿರುಗಿದ ಮುಳ್ಳು, ಮೀನಿಗೆ. ಐದನೆಯದು ಮೊನೆಯೇ ಅಲ್ಲ, ಮೊಲವನ್ನು ಹೊಡೆದು ಕೆಡವುವ ಮರದ ಗುಂಡು.

ಜಿಂಕೆ, ಕಡವೆಗಳ ಮೊನೆಗೆ ಮುಳ್ಳು ಯಾಕಿಲ್ಲ ಎಂದು ಕೇಳಿದೆ. ಇದ್ದಿದ್ದರೆ ಗಟ್ಟಿಯಾಗಿ ಕೂರುತ್ತಿತ್ತಲ್ಲ?

"ಎಂತಕ್ಕೆ ಕೂರ್ಬೇಕು? ಗುರಿ ತಪ್ಪಿದ್ರೆ ಬಾಣ ಬಿದ್ದು ಹೋಗ್ಬೇಕು, ಪ್ರಾಣಿ ಬದ್ಕಬೇಕು. ತಪ್ಪು ನಮ್ದು, ಅದ್ರದ್ದಲ್ಲ" ಎಂದರು.

ಐದನ್ನೂ ಕೈಯಲ್ಲಿ ತೂಗಿ ಹಗುರದ್ದರಿಂದ ಭಾರದ್ದಕ್ಕೆ ಸಾಲಾಗಿ ಇಟ್ಟರು. ನಾನು ಸುಮ್ಮನಿರಲಾರದೆ ಭೌತಶಾಸ್ತ್ರದ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿಸಿದೆ. ಮೂರು ಸರಿ ಬಂತು, ಎರಡು ಅದಲುಬದಲು. "ತಕ್ಕಡಿ ತಪ್ಪು" ಎಂದರು, ತಲೆ ಎತ್ತದೆ. ಏನು ಸೊಕ್ಕು ಎಂದುಕೊಂಡೆ. ಮರುದಿನ ಭೌತಶಾಸ್ತ್ರದವರು ತಕ್ಕಡಿಯ ಒಂದು ಕಾಲಿನ ಸ್ಕ್ರೂ ಸಡಿಲವಾಗಿತ್ತೆಂದು ಒಪ್ಪಿಕೊಂಡರು. ಅದನ್ನು ಹೇಳಿದಾಗಲೂ ಅವರು "ಅಡ್ಡಿಲ್ಲ" ಎಂದಷ್ಟೇ ಹೇಳಿ ಬೀಕರು ತೊಳೆಯಲು ಹೋದರು.

ಆಗಿನ್ನೂ ಕಾರವಾರದಲ್ಲಿ ಸೈಬರ್ ಕೆಫೆಗಳ ಕಾಲ. ವಿದೇಶದಲ್ಲಿ ಕಡವೆಯಂಥದೇ ದೊಡ್ಡ ಜಿಂಕೆಗಳಿಗೆ ಯಾವ ಮೊನೆ ಹಾಕುತ್ತಾರೆಂದು ಹುಡುಕಿ ಎರಡು ಹಾಳೆ ಪ್ರಿಂಟ್ ತೆಗೆಸಿ ತಂದೆ. ಮೂರು ಅಲಗಿನವು, ನಾಲ್ಕು ಅಲಗಿನವು, ಹಾರುವಾಗ ಮಡಚಿಕೊಂಡಿದ್ದು ತಾಗಿದ ಕೂಡಲೇ ಬಿಚ್ಚಿಕೊಳ್ಳುವ ಅಲಗಿನವು. ಅವರು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡು ಅಲಗಿನ ಒಂದು ಉದ್ದ ಮೊನೆಯ ಮೇಲೆ ಬೆರಳಿಟ್ಟು "ಇದು ಅಪ್ಪಂದೇ" ಎಂದರು. ಬಿಚ್ಚಿಕೊಳ್ಳುವ ಅಲಗಿನ ಹತ್ತಿರ ಬೆರಳು ನಿಂತಿತು.

"ಬಿಚ್ಚದೇ ಇದ್ರೆ?"

"ಬಿಚ್ಚುತ್ತದೆ ಅಂತ ಬರೆದಿದೆ."

"ಬರ್ದದ್ದು ಹೌದು ಮಾರಾಯ್ರೆ. ನನ್ನ ಕೊಡೆ ಮೇಲೂ ಬರ್ದದೆ. ಮಳೇಲಿ ನಿಂತು ಎಷ್ಟು ಸಲ ಬಡಿದೇನೆ ಅದ್ಕೆ!"

ಪ್ರದರ್ಶನದಲ್ಲಿ ನಮ್ಮ ಹಲಗೆಯ ಮುಂದೆ ಗುಂಪು. ನಾಲ್ಕೈದು ಜನ ಒಟ್ಟಿಗೆ ಬಾಣ ಬಿಟ್ಟರೆ ಪ್ರಾಣಿ ಯಾರದೆಂದು ಹೇಗೆ ಗೊತ್ತಾಗುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವರು ಕೈಕಟ್ಟಿ ನಿಂತು ಹೇಳಿದರು. ಪ್ರಾಣಿ ಬಿದ್ದ ಮೇಲೆ ಹಿರಿಯನೊಬ್ಬ ಬಾಣ ಕಿತ್ತು, ಸೊಪ್ಪಿನಲ್ಲಿ ಒರೆಸಿ, ತಲೆಯ ಮೇಲಕ್ಕೆ ಎತ್ತಿ ಯಾರದು ಎಂದು ಕೇಳುತ್ತಾನೆ. ಒಂದೇ ಸಲ. ಬಿಟ್ಟವನು ಆ ಕೂಡಲೇ ನನ್ನದು ಎನ್ನಬೇಕು. ಒಳ್ಳೆಯ ಏಟಾದರೆ ಅವನಿಗೆ ತೊಡೆಯ ಪಾಲು. ಹೊಟ್ಟೆಗೆ ತಾಗಿ ಪ್ರಾಣಿ ನರಳಿದ್ದರೆ ಪಾಲಿಲ್ಲ, ಎಲ್ಲರೆದುರು ಬೈಗಳು. ಆದರೂ ನನ್ನದು ಎನ್ನಬೇಕು.

"ಸುಮ್ಮನಿದ್ದರೆ?" ಹುಡುಗಿ ಬಿಡಲಿಲ್ಲ.

"ಸುಮ್ನಿದ್ರೆ ಎಂತ ಇಲ್ಲ. ಯಾರೂ ಎಂತ ಹೇಳೂದಿಲ್ಲ. ಬೇಟೆಗೆ ಕರೆಯೂದಿಲ್ಲ, ಅಷ್ಟೇ. ಹತ್ತೊಂಬತ್ತು ವರ್ಷಕ್ಕೆ ನಾನೂ ಒಂದ್ಸಲ ಹೊಟ್ಟೆಗೆ ಹೊಡ್ದಿದ್ದೆ. ಕೇಳಿದ್ರು. ನಂದು ಹೇಳ್ದೆ. ಅಪ್ಪ ಎರಡು ದಿನ ಮಾತಾಡ್ಲಿಲ್ಲ. ಆದ್ರೆ ಮರುವರ್ಷ ಕರೆದ್ರು."

ಬಹುಮಾನ ಬರಲಿಲ್ಲ. ಹಲಗೆ ವಾಪಸು ಬಂದು ಲ್ಯಾಬಿನ ಗೋಡೆಗೆ ಏರಿತು. ಐದು ಮೊನೆ, ತಾಮ್ರದ ತಂತಿಯ ಕಟ್ಟು, ಕೆಳಗೆ ನನ್ನ ಅಕ್ಷರದಲ್ಲಿ ಹೆಸರಿನ ಚೀಟಿ.

ಒಂದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಊರಿನಿಂದ ಅವರ ತಮ್ಮ ಬಂದ, ಚೀಲದಲ್ಲಿ ನನಗೂ ಒಂದು ಕಟ್ಟು ಹಪ್ಪಳ ಹಿಡಿದುಕೊಂಡು. ಹಂದಿಗಳು ಗದ್ದೆಯನ್ನು ಪೂರಾ ಅಗೆದು ಹಾಕುತ್ತಿವೆ, ಒಂದು ಮೊನೆ ಬೇಕು ಎಂದ. ಅಣ್ಣ ತಮ್ಮ ಲ್ಯಾಬಿನ ಮೂಲೆಯಲ್ಲಿ ನಿಂತು ಬಹಳ ಹೊತ್ತು ಜಗಳಾಡಿದರು. ಕೊನೆಗೆ ಇವರು ಹಲಗೆಯ ಮುಂದೆ ಬಂದು ನಿಂತರು. ಹಂದಿಯ ಮೊನೆಯ ಮೇಲೆ ಕೈ ಇಟ್ಟರು, ತೆಗೆದರು. ಕಡವೆಯದರ ಮೇಲೆ ಇಟ್ಟರು, ತೆಗೆದರು. ಜಿಂಕೆಯ ಎಲೆಮೊನೆಯ ತಂತಿ ಬಿಚ್ಚಿ ತಮ್ಮನ ಕೈಗೆ ಕೊಟ್ಟರು.

ಅವನು ಹೋದ ಮೇಲೆ, ಹಂದಿಗೆ ಕೇಳಿದರೆ ಜಿಂಕೆಯದನ್ನು ಯಾಕೆ ಕೊಟ್ಟಿರಿ ಎಂದೆ.

"ದೊಡ್ಡದು ಕೊಟ್ರೆ ದೊಡ್ಡದಕ್ಕೆ ಹೋಗ್ತ ಅವ. ಇದ್ರಲ್ಲಿ ಎಂತ ಆಗೂದಿಲ್ಲ. ಹಂದಿ ಹೆದ್ರಿ ಓಡ್ತದೆ, ಬಿಟ್ರೆ ಮತ್ತೆಂತ ಇಲ್ಲ."

ಹಗುರದ್ದನ್ನು ಕೊಟ್ಟರೆ ಅಪಾಯ ಕಡಿಮೆ ಎಂದು ನನಗೂ ಅನಿಸಿತು. ಬುದ್ಧಿವಂತಿಕೆಯೇ ಸರಿ ಎಂದುಕೊಂಡೆ.

ಮಳೆ ನಿಂತ ಮೇಲೆ ಒಂದು ದಿನ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಕಾಲೇಜಿಗೆ ಬಂದರು. ಬಯಲುಸೀಮೆಯ ಕಡೆಯವರು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಜೊತೆಗೆ ಒಬ್ಬ ಗಾರ್ಡು. ರಾಮನಗುಳಿಯ ಆಚೆ ಹೊಳೆಯ ದಂಡೆಯಲ್ಲಿ ದೊಡ್ಡ ಕೋಡಿನ ಗಂಡು ಕಡವೆಯೊಂದು ಸತ್ತು ಬಿದ್ದಿತ್ತು. ಭುಜದಲ್ಲಿ ಮುರಿದ ಬಾಣ. ಊರಿನಲ್ಲಿ ಕೇಳಿದರೆ ಯಾರಿಗೂ ಏನೂ ಗೊತ್ತಿಲ್ಲ. ಅಂಕೋಲೆಯ ಕಾಲೇಜಿನಲ್ಲಿ ಬಾಣದ ಮೊನೆಗಳ ಬಗ್ಗೆ ತಿಳಿದವರಿದ್ದಾರೆಂದು ಪ್ರದರ್ಶನ ನೋಡಿದ ಯಾರೋ ಹೇಳಿದ್ದರಂತೆ. ಸಹಾಯ ಕೇಳಿ ಬಂದಿದ್ದರು, ಹಿಡಿಯಲು ಬಂದದ್ದಲ್ಲ. ಪ್ರಿನ್ಸಿಪಾಲರು ಅವರನ್ನು ನೇರ ಲ್ಯಾಬಿಗೆ ಕರೆತಂದು "ನಮ್ಮ ಮೇಡಂ ಎಲ್ಲ ಹೇಳ್ತಾರೆ" ಎಂದು ಬಾಗಿಲಲ್ಲಿ ನಿಂತರು.

ಇವರು ಸಿಂಕಿನ ಹತ್ತಿರ ಗಾಜಿನ ಸಾಮಾನು ತೊಳೆಯುತ್ತಿದ್ದರು. ಅಧಿಕಾರಿ ಪೇಪರು ಬಿಚ್ಚಿ ಬಾಣದ ತುಂಡನ್ನು ಹೊರತೆಗೆದು, ಎಲ್ಲರಿಗೂ ಕಾಣಲಿ ಎಂದು ಮೇಲಕ್ಕೆ ಎತ್ತಿ ಹಿಡಿದು ಕೇಳಿದರು, "ನೋಡ್ರೀ, ಇದು ಯಾರದು?"

"ನಂದು."

ನಾನು ಇನ್ನೂ ಕನ್ನಡಕ ಹಾಕಿಕೊಂಡಿರಲಿಲ್ಲ, ಅಷ್ಟರಲ್ಲಿ ಉತ್ತರ ಬಂದಾಗಿತ್ತು. ಅವರು ಸಿಂಕಿನಿಂದ ತಿರುಗಿ ನಿಂತಿದ್ದರು, ಕೈಯಿಂದ ನೀರು ಇಳಿಯುತ್ತಿತ್ತು. ಯೋಚನೆ ಮಾಡಿ ಹೇಳಿದ್ದಲ್ಲ. ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ, ಹೇಳಿದರೆ ಏನಾಗುತ್ತದೆ, ಯಾವುದನ್ನೂ ನೋಡಲಿಲ್ಲ. ಬಾಣ ಎತ್ತಿ ಕೇಳಿದರು, ಹೇಳಿದರು.

ಗಾರ್ಡು ನೋಟುಪುಸ್ತಕ ತೆಗೆದ. ಅಧಿಕಾರಿಗೆ ತಮ್ಮ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. "ನಿಮ್ಮದು ಅಂದ್ರೆ?"

"ನಂದು ಅಂದ್ರೆ ನಂದು. ಆದ್ರೆ ಕಡವೆಗೆ ಹಾಕೂ ಮೊನೆ ಅಲ್ಲ ಇದು. ಕಡವೆಗೆ ಯಾರಾದ್ರೂ ಇದನ್ನ ಹಾಕ್ತರಾ? ತಲೆ ಸಮ ಅದೆಯಾ?" ಸಿಟ್ಟು ಯಾರ ಮೇಲೆಂದು ಅಧಿಕಾರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಹತ್ತಿರ ಬಂದು ಮೊನೆಯನ್ನು ನೋಡಿದರು. ತುದಿ ಮಡಚಿ ಹೋಗಿತ್ತು. ಬುಡದಲ್ಲಿ ಮೂರು ಗೀರು. "ಎಷ್ಟು ದಿನ ಜೀವ ಇತ್ತು?"

"ಏಳೆಂಟು ದಿನ ಅಂದ್ರು ಡಾಕ್ಟ್ರು. ಒಳಗೆಲ್ಲ ಕೀವು."

ಅವರು ಸ್ಟೂಲಿನ ಮೇಲೆ ಕೂತರು. ಲ್ಯಾಬಿನಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ನನ್ನ ತಲೆ ಓಡಿದ ವೇಗ ನನಗೇ ಆಶ್ಚರ್ಯ. ಇದು ಜಾಮೀನಿಗೂ ಒದ್ದಾಡಬೇಕಾದ ಕೇಸು. ಇವರನ್ನು ಒಳಗೆ ಹಾಕುತ್ತಾರೆ, ಕೆಲಸದಿಂದ ಅಮಾನತು, ನಿವೃತ್ತಿಗೆ ಇನ್ನು ವರ್ಷ ಒಂದೂವರೆ. ಆಮೇಲೆ ತನಿಖೆ ತಮ್ಮನ ಮನೆ ಬಾಗಿಲಿಗೆ. ಬಾಯಿ ತೆರೆದೆ.

"ಸರ್, ಅದು ನಮ್ಮ ಲ್ಯಾಬಿನದು. ನೋಡಿ, ಆ ಹಲಗೆಯಲ್ಲಿತ್ತು. ಕಳವಾಗಿ ಬಹಳ ದಿನವಾಯಿತು. ಕಟ್ಟಿದ್ದು ಇವರೇ, ಅದಕ್ಕೇ ನಂದು ಅಂದದ್ದು."

ಎಲ್ಲರೂ ಹಲಗೆಯತ್ತ ತಿರುಗಿದರು. ನಾಲ್ಕು ಮೊನೆ, ಒಂದು ಖಾಲಿ ಜಾಗ, ಸಡಿಲ ತಂತಿ, ಕೆಳಗೆ ಜಿಂಕೆ ಎಂಬ ಚೀಟಿ. ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಬೇಕೆಂದೇ ಮಾಡಿಟ್ಟರೂ ಆಗುತ್ತಿರಲಿಲ್ಲ.

"ಅಕ್ಕೋರೆ, ನಾನು..."

"ನೀವು ಸುಮ್ಮನಿರಿ. ಮೊದಲು ಕೈ ಒರೆಸಿಕೊಳ್ಳಿ" ಎಂದು ಗದರಿಸಿದೆ.

ಅಧಿಕಾರಿ ಅವರನ್ನೇ ಕೇಳಿದರು, "ಕಳುವಾಗಿದ್ದು ಹೌದಾ?" ಅವರು ನನ್ನನ್ನು ನೋಡಿದರು. ಹೌದು ಎಂದರೆ ಸುಳ್ಳು, ಅಲ್ಲ ಎಂದರೆ ನಾನು ಸುಳ್ಳಿ. ಅವರು ಏನೂ ಹೇಳಲಿಲ್ಲ. ಜವಾನರ ಮೌನವನ್ನು ಹೌದು ಎಂದು ಬರೆದುಕೊಳ್ಳುವುದು ಎಲ್ಲ ಕಚೇರಿಗಳಲ್ಲೂ ರೂಢಿ. ಗಾರ್ಡು ಬರೆದುಕೊಂಡ, ನಾನು ಸಹಿ ಹಾಕಿದೆ. ಅಧಿಕಾರಿ ನನಗೆ ಥ್ಯಾಂಕ್ಸ್ ಹೇಳಿ, ಕಳವಾದ ಕೂಡಲೇ ದೂರು ಕೊಡಬೇಕಿತ್ತು ಮೇಡಂ ಎಂದು ಮೆದುವಾಗಿ ಬುದ್ಧಿ ಹೇಳಿ ಹೋದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಾನು ಅವರಿಂದ ಒಂದು ಒಳ್ಳೆಯ ಮಾತನ್ನು ನಿರೀಕ್ಷಿಸಿದ್ದೆ, ಮುಚ್ಚಿಡುವುದೇಕೆ? ಅವರು ಡಬ್ಬಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿ, "ಬಸ್ಸು ಲೇಟು ಕಾಣ್ತದೆ, ಮೇಡಂ" ಎಂದರು. ಅಂದಿನಿಂದ ನಾನು ಅವರಿಗೂ ಮೇಡಂ.

ಕೆಲಸದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಗಾಜು ಫಳಫಳ, ಕಪ್ಪೆಯ ಕಣ್ಣಿಗೆ ಸೂಜಿ. ಮಸೆಯುವುದನ್ನು ಮಾತ್ರ ಬಿಟ್ಟರು. ಕತ್ತರಿ, ಬ್ಲೇಡುಗಳನ್ನು ಪೇಟೆಯ ಸಾಣೆಯವನಿಗೆ ಕಳಿಸಿ ತರಿಸುತ್ತಿದ್ದರು. ಎರಡು ತಿಂಗಳಲ್ಲಿ ಎಡಗೈಯಲ್ಲೂ ಕೂದಲು ಬೆಳೆಯಿತು, ಬಿಳಿಯದು.

ಒಮ್ಮೆ ಒಂದು ಬಿಳಿ ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು. "ಒಂದು ಅರ್ಜಿ ಬರ್ಕೊಡಿ ಮೇಡಂ. ಫಾರೆಸ್ಟ್ ಆಫೀಸಿಗೆ."

"ಏನೆಂದು?"

"ಆ ಬಾಣ ನಂದು ಹೇಳಿ."

"ಹುಚ್ಚು ಹಿಡಿದಿದೆಯಾ ನಿಮಗೆ? ಬಿಟ್ಟವನು ನಿಮ್ಮ ತಮ್ಮ. ಅವನನ್ನು ಜೈಲಿಗೆ ಕಳಿಸ್ತೀರಾ?"

"ತಮ್ಮನ ಹೆಸ್ರು ಬೇಡ. ಅವ ಹಂದಿಗೆ ಕೇಳಿದ್ದು, ಕಡವೆ ಕಂಡಾಗ ಆಸೆ ಆತು, ಕೈಲಿದ್ದದ್ದು ಬಿಟ್ಟ. ಅವನ ಕೈಲಿ ಅದು ಇದ್ದದ್ದು ನನ್ನಿಂದ ಅಲ್ದಾ? ಏನೂ ಕೊಡದೇ ಇದ್ರೆ ಕಡವೆ ಬದ್ಕ್ತಿತ್ತು. ದೊಡ್ಡದು ಕೊಟ್ಟಿದ್ರೆ ಅರ್ಧ ತಾಸಿಗೆ ಸಾಯ್ತಿತ್ತು. ನಡು ದಾರಿ ಹುಡ್ಕಿ, ಎಂಟು ದಿನ ಕೊಲ್ಲೂದನ್ನೇ ಆರ್ಸಿ ಕೊಟ್ಟೆ ನಾನು. ಕೇಳಿದ್ರು, ನಂದು ಹೇಳ್ದೆ. ಆ ಮಾತು ಅಲ್ಲಿ ಇರ್ಲಿ, ನಂಗೆ ಅಷ್ಟೇ ಸಾಕು."

"ಕೆಲಸ ಹೋಗುತ್ತದೆ."

"ಹೋದ್ರೆ ಹೋತು."

ನಾನು ಬರೆದುಕೊಡಲಿಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಹೆಂಡತಿಯ ಮುಖ ನೋಡಿ ಎಂದೆಲ್ಲ ಹೇಳಿದೆ. ಅವು ಸುಳ್ಳು ಕಾರಣಗಳೇನಲ್ಲ. ಆದರೆ ಎಲ್ಲಕ್ಕಿಂತ ಮೊದಲನೆಯ ಕಾರಣ ಬೇರೆ ಇತ್ತು. ಆ ಅರ್ಜಿ ಹೋದರೆ ಸರ್ಕಾರಿ ಕಾಗದದಲ್ಲಿ ಸುಳ್ಳಿಗೆ ಸಹಿ ಹಾಕಿದವಳು ನಾನಾಗುತ್ತಿದ್ದೆ. ನನಗೆ ಹೆದರಿಕೆಯಾಗಿತ್ತು. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು. ಆಮೇಲೊಂದು ರಜೆಯ ದಿನ ತಾವೇ ಆ ಕಚೇರಿಗೆ ಹೋಗಿದ್ದರೆಂದು ತಿಳಿಯಿತು. ಅಧಿಕಾರಿಗೆ ಬೇರೆ ಕಡೆ ವರ್ಗವಾಗಿತ್ತು. ಅಲ್ಲಿದ್ದವರು, ಅದೆಲ್ಲ ಮುಗಿದ ಫೈಲು ಅಜ್ಜಾ, ಮನೆಗೆ ಹೋಗು ಎಂದು ಚಹಾ ಕುಡಿಸಿ ಕಳಿಸಿದರಂತೆ.

ನಿವೃತ್ತಿಯ ದಿನ ಕಾಲೇಜಿನ ಹಾಲ್‌ನಲ್ಲಿ ಸಣ್ಣ ಸಮಾರಂಭ. ಹಾರ, ಶಾಲು, ಒಂದು ಗೋಡೆ ಗಡಿಯಾರ. ಪ್ರಿನ್ಸಿಪಾಲರು ಇಂಥ ಪ್ರಾಮಾಣಿಕ ಸೇವಕ ಸಿಗುವುದಿಲ್ಲ ಎಂದು ಹೊಗಳಿ, ಕೊನೆಗೆ "ನೀನೂ ಒಂದೆರಡು ಮಾತಾಡಪ್ಪಾ" ಎಂದರು. ಅವರು ಮೈಕ್ ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ನಿಂತು ಹೇಳಿದರು.

"ಒಂದೂವರೆ ವರ್ಷ ಆತು, ರಾಮನಗುಳಿ ಹತ್ರ ಒಂದು ಕಡವೆ ಸತ್ತಿತ್ತು. ಆ ಬಾಣದ ಮೊನೆ ಕಳವು ಆಗಿದ್ದಲ್ಲ. ನಾನೇ ಕೊಟ್ಟದ್ದು. ಅದು ನಂದು. ಎಂಟು ದಿನ ನರಳಿ ಸತ್ತದ್ದು ನನ್ನಿಂದ."

 ಪ್ರಿನ್ಸಿಪಾಲರು ನನ್ನ ಕಡೆ ಬಗ್ಗಿ "ಏನ್ರೀ ಮೇಡಂ ಇದು? ಹೌದಾ?" ಎಂದರು. ಮುಂದಿನದು ನನ್ನ ವಂದನಾರ್ಪಣೆ. ಇನ್ನೂ ಮೈಕಿನ ಹತ್ತಿರವೇ ಇದ್ದ ಇವರ ಪಕ್ಕದಲ್ಲಿ ಹೋಗಿ ನಿಲ್ಲಬೇಕಿತ್ತು. ಹೌದು ಎಂದು ಒಂದು ಮಾತು ಹೇಳಬಹುದಿತ್ತು. ಅವರಿಗೆ ಬೇಕಾದದ್ದು ಅಷ್ಟೇ. ನಾನು ಮೈಕ್ ಸರಿಮಾಡಿಕೊಂಡು, "ಯಾರ ತಪ್ಪನ್ನಾದರೂ ತಮ್ಮ ತಲೆಗೆ ಕಟ್ಟಿಕೊಳ್ಳುವಷ್ಟು ಸಾಧು ಜೀವ ಇವರದು, ಇವತ್ತು ಸ್ವಲ್ಪ ಭಾವುಕರಾಗಿದ್ದಾರೆ" ಎಂದೆ. ಜನ ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ತಟ್ಟಿದರು. ಅವರು ಹಾರ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ ಕೆಳಗಿಳಿದರು.

ಸಂಜೆ ಕಾರವಾರದ ಬಸ್ಸು ಬಂತು. ನಾನು ಹತ್ತಿದೆ. ಅವರು ಹತ್ತಲಿಲ್ಲ. ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ಕಿಟಕಿಯಿಂದ "ಬನ್ನಿ" ಎಂದು ಕರೆದೆ. ಗಡಿಯಾರದ ಡಬ್ಬಿ ಹಿಡಿದುಕೊಂಡು ಬೇರೆ ಕಡೆ ನೋಡುತ್ತ ನಿಂತೇ ಇದ್ದರು. ನನಗೆ ಅಳು ಬಂತು, ಪಕ್ಕದ ಮೀನಿನ ಬುಟ್ಟಿಯ ಹೆಂಗಸಿಗೆ ಕಾಣದ ಹಾಗೆ ಅತ್ತೆ. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಮೊನ್ನೆ ಭೌತಶಾಸ್ತ್ರದವರು ಫೋನು ಮಾಡಿ ಹೇಳಿದರು. ಕಾಲೇಜಿನ ಸ್ಮರಣ ಸಂಚಿಕೆಗೆ ನೀವೇ ಬರೆಯಬೇಕು, ನೀವಲ್ಲವೇ ಅವರನ್ನು ಆ ಕೇಸಿನಿಂದ ಉಳಿಸಿದ್ದು ಎಂದರು. ಹಾಗೆಂದು ಊರಲ್ಲಿ ಇಷ್ಟು ವರ್ಷ ಹೇಳಿಕೊಂಡು ತಿರುಗಿದವಳು ನಾನೇ.

ಅವರ ತಮ್ಮ ಬಂದ ಮಧ್ಯಾಹ್ನದ ಬಗ್ಗೆ ಬರೆಯುವಾಗ ಒಂದು ಮಾತು ಬಿಟ್ಟಿದ್ದೇನೆ. ಅವರು ಯಾವ ಮೊನೆಯನ್ನೂ ಕೊಡುವುದಿಲ್ಲ ಎಂದಿದ್ದರು. ಒಂದಲ್ಲ, ಮೂರು ಸಲ ಹೇಳಿದ್ದರು. ಆ ತಮ್ಮನೂ ಜಾಗ ಬಿಟ್ಟು ಕದಲಲಿಲ್ಲ. ನನ್ನ ಮುಂದೆ ಉತ್ತರಪತ್ರಿಕೆಗಳ ರಾಶಿ ಇತ್ತು, ಇವರ ಗಲಾಟೆ ಒಮ್ಮೆ ಮುಗಿದರೆ ಸಾಕಾಗಿತ್ತು. "ಅಯ್ಯೋ, ಯಾವುದಾದರೂ ಒಂದು ಸಣ್ಣದನ್ನು ಕೊಟ್ಟು ಕಳಿಸಿ ಮಾರಾಯ್ರೆ, ಗೋಡೆಯ ಮೇಲೆ ತುಕ್ಕು ಹಿಡಿದು ಏನಾಗಬೇಕು?" ಎಂದೆ. ಅವರು ನನ್ನ ಮಾತು ತೆಗೆದುಹಾಕುವವರಲ್ಲ. ಹಲಗೆಯ ಹತ್ತಿರ ಹೋದರು. ಅಕ್ಕೋರು ಕೊಡಿ ಅಂದರು, ಅದಕ್ಕೇ ಕೊಟ್ಟೆ ಎಂದು ಅವರು ಹೇಳಬಹುದಿತ್ತು, ಅದು ನಿಜವೇ. ಬಾಣ ಎತ್ತಿ ಹಿಡಿದು ಕೇಳಿದಾಗ ಹೇಳಲಿಲ್ಲ, ಹಾಳೆ ತಂದು ನನ್ನ ಮುಂದಿಟ್ಟಾಗ ಹೇಳಲಿಲ್ಲ, ಹಾರ ಹಾಕಿಕೊಂಡು ಅಷ್ಟು ಜನರ ಮುಂದೆ ನಿಂತಾಗಲೂ ಹೇಳಲಿಲ್ಲ.